ಹೊಟ್ಟೆಯ ಮೇಲಿನ ನೀಲಿ ಕಲೆಗಳು

ಡಿಸೆಂಬರ್ 4, 2024, ಬುಧವಾರ. ಹುನ್ನೂರ

ಬೆಳಿಗ್ಗೆ ಬಚ್ಚಲಲ್ಲಿ ನಿಂತು ನೋಡಿದೆ. ಎರಡು ಗೆರೆ. ಪರೀಕ್ಷೆಯ ಪಟ್ಟಿಯನ್ನು ನಿನ್ನೆ ಜಮಖಂಡಿಯಲ್ಲಿ, ನಮ್ಮ ಶಾಲೆಯವರು ಯಾರೂ ಹೋಗದ ಔಷಧಿ ಅಂಗಡಿ ಹುಡುಕಿ ತಂದಿದ್ದೆ. ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಒಲೆಗೆ ಹಾಕಿ ಬಸ್ಸು ಹಿಡಿದೆ. ದಿನವಿಡೀ ಎಂಟನೇ ತರಗತಿಗೆ ಸಮಾಸ ಕಲಿಸಿದೆ. ಏನು ಕಲಿಸಿದೆನೋ.

ಸಂಜೆ ಗುಳಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕುಳಿತೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಬೆಳಗಾವಿಯಲ್ಲಿ ಎದೆ ತೆರೆದು ಲೋಹದ ಕವಾಟ ಕೂರಿಸಿದ ಮೇಲೆ ಈ ಗುಳಿಗೆಯನ್ನು ನಾನು ತಪ್ಪಿಸಿದವಳಲ್ಲ. ರಕ್ತ ತೆಳುವಾಗಿಯೇ ಇರಬೇಕು, ಇಲ್ಲದಿದ್ದರೆ ಕವಾಟದ ಮೇಲೆ ಹೆಪ್ಪುಗಟ್ಟುತ್ತದೆ. ಅದು ಗೊತ್ತು. ಇದೇ ಗುಳಿಗೆ ಬಸುರಿಯರಿಗೆ ಕೂಡದೆಂದು ಡಬ್ಬಿಯೊಳಗಿನ ಚೀಟಿಯಲ್ಲಿ ಇರುವುದೂ ಗೊತ್ತು. ಮೊಬೈಲಿನಲ್ಲಿ ಓದಿದೆ: ಕೂಸಿನ ಮೂಗು ಕೂರುವುದಿಲ್ಲ, ಎಲುಬು ಸರಿಯಾಗಿ ಬೆಳೆಯುವುದಿಲ್ಲ. ಮುಂದೆ ಓದಲಾಗಲಿಲ್ಲ.

ಗುಳಿಗೆಯನ್ನು ಮತ್ತೆ ಡಬ್ಬಿಗೆ ಹಾಕಿದೆ. ನನಗೇನಾದರೂ ಆದರೆ ಆಗಲಿ.

ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ಇಲ್ಲಿ ಬರೆಯಬಹುದು. ಶಿವಪುತ್ರ. ಇಲ್ಲಿ ಏಕವಚನವೂ ನಡೆಯುತ್ತದೆ. ಅವನು ಕಬ್ಬು ಕಡಿಯುವ ಯಂತ್ರದ ಡ್ರೈವರ್. ಹಂಗಾಮು ಶುರುವಾದರೆ ಸಾಂಗಲಿಯ ಕಡೆ ಹೋಗುತ್ತಾನೆ, ಬೇಸಿಗೆ ಬಂದಾಗ ಬರುತ್ತಾನೆ. ನನ್ನ ಎದೆಯ ವಿಷಯ ತಿಳಿದೇ ಮದುವೆಯಾದವನು. ‘ಮಕ್ಕಳು ಆಗದಿದ್ರೂ ನಡೀತದ’ ಎಂದು ಅಂದೇ ಹೇಳಿದ್ದ. ಈಗ ಹೇಳಿದರೆ ತೆಗೆಸು ಎನ್ನುತ್ತಾನೆ. ಅದಕ್ಕೇ ಹೇಳಲಿಲ್ಲ.

ಡಿಸೆಂಬರ್ 8, ಭಾನುವಾರ

ಅತ್ತೆ ಮತ್ತು ನಾನು, ಮನೆಯಲ್ಲಿ ಇಬ್ಬರೇ. ಮಾವ ಕುರಿಗಳೊಂದಿಗೆ ಕೊಪ್ಪಳದ ಕಡೆ ಹೋಗಿ ತಿಂಗಳಾಯಿತು. ಅತ್ತೆಗೆ, ಲಗಮವ್ವನಿಗೆ, ಮಾತು ಕಡಿಮೆ. ರೊಟ್ಟಿ ಬಡಿದು ಮುಚ್ಚಿಟ್ಟು ಹಿತ್ತಲಿಗೆ ಹೋಗುತ್ತಾರೆ. ಮದುವೆಯಾಗಿ ನಾಲ್ಕು ವರ್ಷವಾದರೂ ನಾವು ಬಳಸಿದ ವಾಕ್ಯಗಳು ಅವೇ. ‘ಉಂಡಿ?’ ‘ಹೂಂನ್ರಿ.’ ‘ಬಸ್ಸ ಸಿಕ್ಕಿತ್ತು?’ ‘ಸಿಕ್ಕಿತ್ರಿ.’

ಓದಿ ಕೆಲಸಕ್ಕೆ ಹೋಗುವ ಸೊಸೆ, ಎದೆಯ ಮೇಲೆ ಉದ್ದ ಹೊಲಿಗೆ ಇರುವ ಸೊಸೆ. ನನ್ನ ಬಗ್ಗೆ ಅವರು ಏನು ಅಂದುಕೊಂಡಿದ್ದಾರೋ ನಾನು ಕೇಳಿಲ್ಲ.

ಶಿವಪುತ್ರ ಫೋನು ಮಾಡಿದ್ದ. ಯಂತ್ರದ ಸದ್ದಿನಲ್ಲಿ ಅರ್ಧ ಕೇಳಲಿಲ್ಲ.

‘ಗುಳಿಗಿ ತಗೊಂಡಿಯೇನ?’

‘ತಗೊಂಡೇನ್ರಿ.’

ಡಿಸೆಂಬರ್ 13, ಶುಕ್ರವಾರ

ಶಾಲೆಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲಬೇಕಾಯಿತು. ಜೊತೆಯ ಮೇಡಂ ರೇಷ್ಮಾ, ‘ಯಾಕ್ರಿ ಉಮಾಶ್ರೀ, ಮಾರಿ ಹಿಂಗ್ಯಾಕ ಬೆಳ್ಳಗ ಆಗೇತಿ?’ ಎಂದರು. ಜ್ವರ ಎಂದೆ. ಬಸುರಾದವರಿಗೆ ಉಸಿರು ಕಟ್ಟುವುದು ಇದ್ದದ್ದೇ. ಹೊಸ ವರ್ಷದ ರಜೆಯಲ್ಲಿ ಬೆಳಗಾವಿಗೆ ಹೋಗಿ ಡಾಕ್ಟರನ್ನು ಕಾಣುತ್ತೇನೆ. ಅಷ್ಟರಲ್ಲಿ ಅದಕ್ಕೆ ಎಲುಬು ಕೂಡಿದ್ದರೆ ಸಾಕು.

ಮಲಗಿದರೆ ಉಸಿರಾಡಲು ಆಗುತ್ತಿಲ್ಲ. ಗೋಡೆಗೆ ಒರಗಿ ಬರೆಯುತ್ತಿದ್ದೇನೆ.

ಡಿಸೆಂಬರ್ 22, ಭಾನುವಾರ. ಬಾಗಲಕೋಟೆ, ಆಸ್ಪತ್ರೆ

ಇಂದು ಪೆನ್ನು ಹಿಡಿಯಬಹುದು ಎಂದರು. ಆದದ್ದನ್ನು ಬರೆದಿಡುತ್ತೇನೆ.

ಹೋದ ಭಾನುವಾರ ಮಧ್ಯಾಹ್ನ. ಅತ್ತೆ ನನ್ನ ಪಕ್ಕ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದರು. ನಾನು ದಿಂಬುಗಳಿಗೆ ಒರಗಿದ್ದೆ. ಅವರ ಕೈ ನಿಂತಿತು.

‘ಉಮಾ, ನಿನ್ನ ಎದಿ ಸಪ್ಪಳ ಯಾಕ ಕೇಳವಲ್ಲದು?’

ಕವಾಟಕ್ಕೆ ಸಣ್ಣ ಸದ್ದಿದೆ, ಕೈಗಡಿಯಾರದಂಥದ್ದು. ನಿಶ್ಶಬ್ದವಿದ್ದರೆ ಪಕ್ಕದವರಿಗೂ ಕೇಳುತ್ತದೆ. ಶಾಲೆಯಲ್ಲಿ ಅದನ್ನು ಮುಚ್ಚಲು ನಾನು ಯಾವಾಗಲೂ ಫ್ಯಾನಿನ ಕೆಳಗೆ ಕೂರುತ್ತೇನೆ. ಅತ್ತೆಗೆ ಕೇಳುತ್ತಿತ್ತು ಎಂದು ನನಗೆ ತಿಳಿದಿರಲಿಲ್ಲ.

‘ದಿನಾ ಅರ್ಧ ಗ್ವಾಡಿ ಆಚೆ ಮಲಗಿದ್ರೂ ಕೇಳತಿತ್ತು. ಅದನ್ನ ಕೇಳಿಕೋತನ ನಾ ಮಲಗತೇನಿ. ಎರಡ ದಿನ ಆತು, ಮೆತ್ತಗ ಆಗೇತಿ. ನಿದ್ದಿ ಇಲ್ಲ ನನಗ.’

ಎದೆಯ ಮೇಲೆ ಕೈ ಇಟ್ಟುಕೊಂಡೆ. ನಿಜ. ಟಿಕ್ ಎನ್ನುವುದು ಹೋಗಿ ಬಟ್ಟೆಯೊಳಗೆ ಯಾರೋ ತಟ್ಟಿದ ಹಾಗೆ ಇತ್ತು. ಆಗ ಎಲ್ಲ ಹೇಳಿದೆ. ಬಸುರು, ಗುಳಿಗೆ, ಎಲ್ಲ. ಅವರು ಬೈಯಲಿಲ್ಲ. ಮೊರವನ್ನು ಹಾಗೇ ಬಿಟ್ಟು ಬರಿಗಾಲಲ್ಲಿ ಓಡಿ ಓಣಿಯ ಗಿರಿಮಲ್ಲಪ್ಪನ ಮನೆಯಿಂದ ಕಾರು ತರಿಸಿದರು. ಜಮಖಂಡಿಯ ಡಾಕ್ಟರು ಎದೆಗೆ ಕಿವಿ ಕೊಟ್ಟವರೇ ಬಾಗಲಕೋಟೆಗೆ ಕಳಿಸಿದರು. ಬೀಳಗಿ ದಾಟಿದ್ದು ನೆನಪಿದೆ, ಸೇತುವೆಯ ಕೆಳಗಿನ ನೀರು ನೆನಪಿದೆ. ಅತ್ತೆಯ ಮಡಿಲಲ್ಲಿ ತಲೆ ಇಟ್ಟುಕೊಳ್ಳಲೂ ಆಗಲಿಲ್ಲ, ಕುಳಿತೇ ಇರಬೇಕಿತ್ತು.

ಕವಾಟದ ಒಂದು ರೆಕ್ಕೆ ಹೆಪ್ಪಿನಲ್ಲಿ ಸಿಕ್ಕಿಕೊಂಡಿತ್ತು. ಹೆಪ್ಪು ಕರಗಿಸುವ ಔಷಧವನ್ನು ಇಡೀ ದಿನ ತೀರ ನಿಧಾನವಾಗಿ ನರಕ್ಕೆ ಬಿಟ್ಟರು. ಎಲ್ಲಿಯಾದರೂ ರಕ್ತ ಸೋರಬಹುದು, ಗರ್ಭ ಹೋಗಬಹುದು, ತಲೆಯಲ್ಲಿ ಆಗಬಾರದ್ದು ಆಗಬಹುದು ಎಂದು ಹೇಳಿ ಸಹಿ ಹಾಕಿಸಿಕೊಂಡರಂತೆ. ಹಾಕಿದ್ದು ಅತ್ತೆ, ಹೆಬ್ಬೆರಳಿಂದ.

ಎರಡನೆಯ ಸಲ ಔಷಧ ಬಿಟ್ಟ ಮೇಲೆ ರೆಕ್ಕೆ ಅಲ್ಲಾಡಿತು. ಕೂಸಿನ ಎದೆಯೂ ಬಡಿಯುತ್ತಿದೆ ಎಂದು ಸ್ಕ್ಯಾನಿನವರು ತೋರಿಸಿದರು. ಜೋಳದ ಕಾಳಿನಷ್ಟು.

ಡಿಸೆಂಬರ್ 27, ಶುಕ್ರವಾರ. ಬಾಗಲಕೋಟೆ

ಡಾಕ್ಟರ್ ರಾಜೇಶ್ವರಿ ಮಂಚದ ಮೇಲೇ ಕುಳಿತು ಮಾತಾಡಿದರು.

‘ಗೆರಿ ಕಂಡ ದಿನಾನ ಬಂದಿದ್ದರ ಅವತ್ತ ಗುಳಿಗಿ ಬಿಡಿಸಿ ಅವತ್ತ ಇಂಜೆಕ್ಷನ್ ಹಚ್ಚತಿದ್ವಿ. ಗುಳಿಗಿ ಕೂಸಿನ ತನಕ ದಾಟಿ ಹೋಗತದ, ಇಂಜೆಕ್ಷನ್ ದಾಟಂಗಿಲ್ಲ. ಆದ್ರ ನಿನ್ನ ವಾಲ್ವ್ ಕಾಯೋದ್ರಾಗ ಗುಳಿಗಿನ ಗಟ್ಟಿ. ಅದಕ್ಕ ಮೊದಲ ಮೂರ ತಿಂಗಳ ಇಂಜೆಕ್ಷನ್, ಆಮ್ಯಾಲ ಸಣ್ಣ ಪ್ರಮಾಣದ ಗುಳಿಗಿ, ಹೆರಿಗಿ ಹತ್ರ ಬಂದಾಗ ಮತ್ತ ಇಂಜೆಕ್ಷನ್. ನಡುವ ರಕ್ತ ಪರೀಕ್ಷಾ ತಪ್ಪಂಗಿಲ್ಲ. ಯಾವುದನ್ನೂ ನೀನಾಗಿ ಬಿಡಂಗಿಲ್ಲ.’

‘ಇಷ್ಟೆಲ್ಲಾ ಮಾಡಿದ್ರ ಏನೂ ಆಗಂಗಿಲ್ರಿ?’

‘ಹಂಗ ನಾ ಹೇಳಂಗಿಲ್ಲ. ಎರಡೂ ಜೀವಕ್ಕ ಅಪಾಯ ಐತಿ, ಕಡಿಮಿ ಮಾಡಬಹುದು ಅಷ್ಟ. ಇಟ್ಕೋತೇನಿ ಅಂದ್ರ ನಾವು ಜೊತಿಗಿರತೇವಿ, ಬ್ಯಾಡ ಅಂದ್ರೂ ಇರತೇವಿ. ವಿಚಾರ ಮಾಡು.’

ಶಿವಪುತ್ರ ಬಂದು ಮೂರು ದಿನ ಇದ್ದ. ಕಾಲುಚೀಲದಲ್ಲಿ ಇನ್ನೂ ಕಬ್ಬಿನ ರವದಿಯ ಒಣ ಗರಿ ಚೂರು ಇತ್ತು. ಮಂಚದ ಕಾಲ ಬಳಿ ನಿಂತು ಹೇಳಿದ, ‘ನನಗ ನೀ ಬೇಕು. ಕೂಸು ಬ್ಯಾಡ. ತೆಗಸೂಣು.’

‘ಇಷ್ಟ ಆದ ಮ್ಯಾಲೂ ಅದು ಉಳದೈತ್ರಿ.’

‘ನೀ ಸುಳ್ಳ ಹೇಳಿದಿ ನನಗ. ದಿನಾ ಕೇಳಿದೆ, ದಿನಾ ತಗೊಂಡೇನಿ ಅಂದಿ.’

ಅವನು ಹೊರಗೆ ಹೋಗಿ ಡಾಕ್ಟರ್ ಜೊತೆ ಬಹಳ ಹೊತ್ತು ಮಾತಾಡಿದ. ಏನು ಮಾತಾಡಿದನೆಂದು ನನಗೆ ಹೇಳಲಿಲ್ಲ. ಇಂದು ಬೆಳಿಗ್ಗೆ ಯಂತ್ರದ ಮಾಲೀಕರಿಂದ ಫೋನು ಬಂತು, ಹೋದ. ಹೋಗುವಾಗ ನನ್ನ ಹೊದಿಕೆ ಸರಿಮಾಡಿದ. ಮುಖ ನೋಡಲಿಲ್ಲ.

ಇಟ್ಟುಕೊಳ್ಳುತ್ತೇನೆ ಎಂದು ಡಾಕ್ಟರಿಗೆ ನಾನೊಬ್ಬಳೇ ಹೇಳಿದೆ.

ಜನವರಿ 3, 2025, ಶುಕ್ರವಾರ. ಹುನ್ನೂರ

ಬೆಳಗಿನ ಇಂಜೆಕ್ಷನ್ನಿಗೆ ಆರೋಗ್ಯ ಕೇಂದ್ರದ ಸಿಸ್ಟರ್ ಇದ್ದಾರೆ. ಸಂಜೆ ಯಾರೂ ಇಲ್ಲ. ನಾನೇ ಹಾಕಿಕೊಳ್ಳಬೇಕು.

ಹೊಟ್ಟೆಯ ಚರ್ಮವನ್ನು ಚಿವುಟಿ ಹಿಡಿದು, ಸೂಜಿಯನ್ನು ನೇರ ಇಳಿಸಿ, ನಿಧಾನ ಒತ್ತಿ, ತೆಗೆದ ಮೇಲೆ ತಿಕ್ಕಬಾರದು. ಆಸ್ಪತ್ರೆಯಲ್ಲಿ ಕಲಿಸಿದ್ದರು. ಮೊದಲನೆಯದು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಎರಡನೆಯದನ್ನು ಹಿಡಿದು ಕತ್ತಲಾಗುವವರೆಗೆ ಕುಳಿತೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

‘ಕೂಸಿಗೆ ಚುಚ್ಚೂದಿಲ್ಲೇನ ಅದು?’

‘ಇಲ್ರಿ ಅತ್ತಿ. ಚರ್ಮದ ಕೆಳಗ ಅಷ್ಟ.’

‘ನಾ ನೋಡಲಾರೆ.’ ತಿರುಗಿ ನಿಂತರು, ಆದರೆ ಹೋಗಲಿಲ್ಲ. ಅವರ ಬೆನ್ನು ನೋಡುತ್ತ ಚುಚ್ಚಿಕೊಂಡೆ.

ಜನವರಿ 11, ಶನಿವಾರ

ಹೊಟ್ಟೆಯ ಮೇಲೆ ನೀಲಿ ಕಲೆಗಳು. ಹಳೆಯವು ಹಳದಿಗೆ ತಿರುಗಿವೆ. ಹೊಸದಕ್ಕೆ ಜಾಗ ಹುಡುಕಬೇಕು.

ಪಕ್ಕದ ಮನೆಯ ಅನಸವ್ವ ಬಂದಿದ್ದಳು. ಸೀರೆ ಸರಿದಾಗ ನೋಡಿದಳು. ‘ಹೊಟ್ಟಿಗೆ ಸೂಜಿ ಚುಚ್ಚಿಸಿಕೊಂಡ ಬಸರು ಎಲ್ಲೆರ ಉಳದೈತೇನ ಲಗಮವ್ವಾ? ಬೀರೇಶ್ವರಗ ಬಿಟ್ಟು ಸುಮ್ಮ ಇರಬಾರದಾ?’ ಅತ್ತೆ ಚಹಾ ಕೊಟ್ಟು ಕಳಿಸಿದರು. ಅವರು ಯಾರ ಕಡೆಗಿದ್ದಾರೋ ಎಂದು ನಾನು ಒಳಗೆ ಕುಳಿತು ಯೋಚಿಸಿದೆ. ಸಂಜೆ, ಇಂಜೆಕ್ಷನ್ನಿನ ಹೊತ್ತಿಗೆ, ಮುಂಬಾಗಿಲ ಚಿಲಕ ಹಾಕಿದ ಸದ್ದು ಕೇಳಿತು. ನಮ್ಮ ಮನೆಯಲ್ಲಿ ಆ ಹೊತ್ತಿನಲ್ಲಿ ಚಿಲಕ ಹಾಕುವ ರೂಢಿಯೇ ಇಲ್ಲ.

ಶಾಲೆಯಲ್ಲಿ ನನ್ನ ತರಗತಿಗಳಿಗೆ ಬೇರೆಯವರನ್ನು ತೆಗೆದುಕೊಂಡರಂತೆ. ರೇಷ್ಮಾ ಮೆಸೇಜು ಹಾಕಿದ್ದರು. ಕೊನೆಯಲ್ಲಿ ಕೈಮುಗಿದ ಚಿತ್ರ.

ಜನವರಿ 22, ಬುಧವಾರ

ಮತ್ತೆ ಗುಳಿಗೆ. ಈ ಸಲ ಡಾಕ್ಟರ್ ಹೇಳಿ ಕೊಟ್ಟದ್ದು, ಸಣ್ಣ ಪ್ರಮಾಣದ್ದು. ರಕ್ತ ಸರಿಯಾದ ಮಟ್ಟಕ್ಕೆ ಬರುವವರೆಗೆ ಇಂಜೆಕ್ಷನ್ನೂ ಜೊತೆಗಿರುತ್ತದೆ. ಮೂರು ತಿಂಗಳು ಮುಗಿದಿವೆ, ಕೂಸಿಗೆ ಮೊದಲಿನಷ್ಟು ಅಪಾಯವಿಲ್ಲ ಎಂದರು. ಪೂರ್ತಿ ಇಲ್ಲ ಎನ್ನಲಿಲ್ಲ. ಡಬ್ಬಿಯ ಚೀಟಿಯನ್ನು ಮತ್ತೊಮ್ಮೆ ಓದಿ ಮಡಚಿಟ್ಟೆ. ನುಂಗಿದೆ.

ರಕ್ತ ಪರೀಕ್ಷೆಗೆಂದು ಬಸ್ಸಿನಲ್ಲಿ ಒಬ್ಬಳೇ ಹೋಗಿ ಬಂದೆ. ಬೀಳಗಿ ನಿಲ್ದಾಣದಲ್ಲಿ ಒಬ್ಬ ಬಸುರಿ ಹತ್ತಿದಳು. ಅವಳ ತಾಯಿ ಕಿಟಕಿಯ ಪಕ್ಕದ ಜಾಗಕ್ಕಾಗಿ ಯಾರೊಂದಿಗೋ ಜಗಳಾಡಿ ಗೆದ್ದಳು. ಅನಗವಾಡಿಯವರೆಗೂ ಪೇರಲಹಣ್ಣು ಹೆಚ್ಚಿ ತಿನ್ನಿಸಿದಳು. ನಾನು ಬೇರೆ ಕಡೆ ನೋಡಿದೆ.

ನನ್ನ ತಾಯಿ ಆಪರೇಶನ್ ಆದ ಮರುವರ್ಷ ತೀರಿಕೊಂಡಳು. ತವರು ಎಂದರೆ ಮುಧೋಳದ ಅಣ್ಣ ಪರಮಾನಂದ, ಅತ್ತಿಗೆ. ಮೊದಲ ಹೆರಿಗೆ ತವರಲ್ಲಿ ಆಗಬೇಕು, ಅವನಿಗೂ ಗೊತ್ತು. ಮೊನ್ನೆ ಫೋನಿನಲ್ಲಿ, ‘ನಿನ್ನ ವೈನಿ ಅಂಜತಾಳವಾ. ಏನರ ಹೆಚ್ಚುಕಡಿಮಿ ಆದ್ರ ನಮ್ಮ ಮ್ಯಾಲ ಬರತದ’ ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಅದೇ ಹೆಚ್ಚು ನೋವಾಯಿತು.

ಫೆಬ್ರವರಿ 9, ಭಾನುವಾರ

ಶಿವಪುತ್ರನ ಫೋನು. ‘ಹ್ಯಾಂಗದಿ?’ ‘ಛಲೋ ಅದೇನ್ರಿ.’ ‘ಗುಳಿಗಿ?’ ‘ತಗೊಂಡೇನಿ. ಅತ್ತಿನ್ನ ಕೇಳ್ರಿ ಬೇಕಾದ್ರ.’ ‘ನಾ ಹಂಗ ಅನ್ನಲಿಲ್ಲ.’ ಇಟ್ಟುಬಿಟ್ಟ. ಅಥವಾ ನೆಟ್‌ವರ್ಕ್ ಹೋಯಿತು.

ಮಾರ್ಚ್ 17, ಸೋಮವಾರ. ಬಾಗಲಕೋಟೆ

ದೊಡ್ಡ ಸ್ಕ್ಯಾನಿಂಗ್. ತಣ್ಣನೆಯ ಅಂಟು ಹಚ್ಚಿ ಬಹಳ ಹೊತ್ತು ನೋಡಿದರು. ನೋಡುವವರು ಮಾತಾಡದಿದ್ದರೆ ಮಲಗಿದವಳ ಗತಿ ಏನು. ಕೊನೆಗೆ ನಾನೇ ಕೇಳಿದೆ, ‘ಮೂಗು ಐತೇನ್ರಿ?’

‘ಐತಿ. ಉದ್ದನೂ ಐತಿ. ಬೆನ್ನೆಲುಬೂ ನೆಟ್ಟಗ ಐತಿ.’

ಹೊರಗೆ ಬಂದು ಹೇಳಿದೆ. ಅತ್ತೆ ಈ ಸಲ ಜೊತೆಗೆ ಬಂದಿದ್ದರು. ಅವರು ತಮ್ಮ ಮೂಗನ್ನು ಮುಟ್ಟಿಕೊಂಡರು. ‘ನನ್ನಂಗ ಇರಲಿಕ್ಕಿಲ್ಲ ಬಿಡು. ನಂದು ಮೊಂಡ.’ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಸ್ಪತ್ರೆಯ ಹೊರಗೆ ಮಿರ್ಚಿ ಭಜಿ ಕೊಡಿಸಿದರು. ಎಣ್ಣೆಯದು ಬೇಡ ಎಂದಿದ್ದಾರೆ ಡಾಕ್ಟರ್ ಎಂದೆ. ‘ಒಂದ ತಿನ್ನು. ಅವರಿಗೆ ಹೇಳಬ್ಯಾಡ.’

ಇವತ್ತು ಶಿವಪುತ್ರನಿಗೆ ಸ್ಕ್ಯಾನಿನ ಫೋಟೋ ಕಳಿಸಿದೆ. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ.

ಮೇ 6, ಮಂಗಳವಾರ

ಬಿಸಿಲು. ಏನೂ ಇಲ್ಲ. ಕೂಸೇ, ನೀನು ಒದೆಯುತ್ತೀ, ಅಷ್ಟೇ.

ಶಿವಪುತ್ರ ಏಪ್ರಿಲ್‌ನಲ್ಲಿ ಹತ್ತು ದಿನ ಬಂದು ಹೋದ. ಪಡಸಾಲೆಯಲ್ಲಿ ಮಲಗಿದ. ಮನೆಯ ಹಂಚು ಸರಿಮಾಡಿದ, ನೀರಿನ ಟಾಕಿ ತೊಳೆದ, ನನ್ನ ಹೊಟ್ಟೆಯ ಕಡೆ ಒಮ್ಮೆಯೂ ಕೈ ಚಾಚಲಿಲ್ಲ. ಈಗ ಮಂಡ್ಯದ ಕಡೆ ಹೋಗಿದ್ದಾನೆ, ಅಲ್ಲಿ ಕಬ್ಬಿನ ಕೆಲಸ ಬೇಗ ಶುರುವಂತೆ.

ಜೂನ್ 1, ಭಾನುವಾರ

ಕುಬಸ ಮಾಡಿದರು, ಬಸುರಿಗೆ ಮಾಡುವ ಸೀಮಂತ. ಯಾರನ್ನೂ ಕರೆಯಲಿಲ್ಲ. ತವರಿನವರು ತರಬೇಕಾದ ಹಸಿರು ಸೀರೆಯನ್ನು ಅವ್ವನೇ (ಅತ್ತೆಯನ್ನು ಈಗ ಹಾಗೇ ಕರೆಯುತ್ತೇನೆ) ಬನಹಟ್ಟಿಗೆ ಹೋಗಿ ತಂದಿದ್ದಳು. ನೇಯುವವರ ಮನೆಗೇ ಹೋಗಿ, ಮೆತ್ತನೆಯದು ಬೇಕು, ಹೊಟ್ಟೆಗೆ ಚುಚ್ಚಬಾರದು ಎಂದು ಆರಿಸಿದಳಂತೆ. ಬಳೆ ತೊಡಿಸಿ, ಉಡಿ ತುಂಬಿ, ಎದುರಿಗೆ ಕುಳಿತಳು. ಹಾಡಬೇಕಾದವರು ಯಾರೂ ಇಲ್ಲ. ಅವಳೇ ಎರಡು ಸಾಲು ಹಾಡಿ, ಮುಂದಿನದು ಮರೆತು, ‘ಇಷ್ಟ ಸಾಕು’ ಎಂದಳು.

ಜುಲೈ 7, ಸೋಮವಾರ. ಬಾಗಲಕೋಟೆ

ದಾಖಲಾದೆ. ಗುಳಿಗೆ ನಿಂತಿತು, ಮತ್ತೆ ಇಂಜೆಕ್ಷನ್. ಗುಳಿಗೆ ಇದ್ದಾಗಲೇ ಹೆರಿಗೆಯಾದರೆ ಕೂಸಿನ ರಕ್ತವೂ ತೆಳುವಾಗಿರುತ್ತದೆ, ತಲೆಯಲ್ಲಿ ಸೋರಬಹುದು, ಅದಕ್ಕೆ ಮೊದಲೇ ಬದಲಿಸುತ್ತಾರೆ. ನರ್ಸು ನರ ಹುಡುಕಲು ಬಳೆಗಳನ್ನು ಮೇಲಕ್ಕೆ ಸರಿಸಿದಳು. ಹೊಟ್ಟೆಗೆ ನಾನೇ ಹಾಕಿಕೊಂಡೆ. ಪಕ್ಕದ ಮಂಚದ ಶೇವಂತಿ ಕಣ್ಣು ಮುಚ್ಚಿಕೊಂಡಳು. ‘ನೋಯಂಗಿಲ್ಲೇನ್ರಿ ಅಕ್ಕಾರ?’ ನೋಯುತ್ತದೆ ಎಂದೆ, ಅವಳಿಗೆ ಚಿವುಟಿ ಹಿಡಿಯುವುದು ಹೇಗೆ ಎಂದೂ ತೋರಿಸಿದೆ. ಅವಳಿಗೆ ಕಾಲಿನ ನರದಲ್ಲಿ ಹೆಪ್ಪು, ನಾಳೆಯಿಂದ ಅವಳಿಗೂ ಇದೇ.

ಆಪರೇಶನ್ ಮುಂದಿನ ಸೋಮವಾರ. ಡಾಕ್ಟರ್ ರಾಜೇಶ್ವರಿ ಹಿಂದಿನ ದಿನವೇ ಇಂಜೆಕ್ಷನ್ ನಿಲ್ಲಿಸುತ್ತಾರೆ. ಮತ್ತೆ ಯಾವಾಗ ಶುರು, ಅಷ್ಟರಲ್ಲಿ ನನ್ನ ಕವಾಟಕ್ಕೆ ಏನಾದರೂ ಆದರೆ ಏನು ಮಾಡುತ್ತೀರಿ, ರಕ್ತ ಹೆಚ್ಚು ಹೋದರೆ ರಕ್ತ ಎಲ್ಲಿಂದ, ಎಲ್ಲ ಕೇಳಿದೆ. ಅವರು ಒಂದೊಂದಕ್ಕೂ ಉತ್ತರ ಹೇಳಿ, ‘ಕೂಸಿನ ಬಗ್ಗೆ ಏನೂ ಕೇಳಲಿಲ್ಲಲ್ಲಾ?’ ಎಂದರು. ಕೇಳುವವಳಿದ್ದೆ, ಊಟದ ಗಾಡಿ ಬಂತು.

ಶಿವಪುತ್ರನಿಗೆ ದಿನ ಹೇಳಿದೆ. ‘ಬರತೇನಿ’ ಎಂದ.

ಜುಲೈ 16, ಬುಧವಾರ

ಹೆಣ್ಣು. ಸಣ್ಣದು, ಆದರೆ ಅತ್ತಿತು. ಮೂಗಿದೆ.

ಮೊನ್ನೆ ರಕ್ತ ನಿಲ್ಲಲಿಲ್ಲ. ಇಂಜೆಕ್ಷನ್ ಮತ್ತೆ ಶುರು ಮಾಡಿದ ಮೇಲೆ ಹೊಲಿಗೆಯ ಒಳಗೆ ರಕ್ತ ತುಂಬಿ ಹೊಟ್ಟೆ ಉಬ್ಬಿತು. ಮತ್ತೆ ಒಳಗೆ ಕರೆದುಕೊಂಡು ಹೋದರು. ಹೋಗುವಾಗ ಅವ್ವ ಗಾಡಿಯ ಜೊತೆ ಬಾಗಿಲವರೆಗೂ ಬಂದಳು. ‘ಯವ್ವಾ, ಕೂಸಿನ್ನ ಬಿಟ್ಟು ಬರಬ್ಯಾಡ, ಅಲ್ಲೇ ಇರು’ ಎಂದೆ. ‘ಅದಕ್ಕ ನರ್ಸ ಅದಾಳ. ನಿನಗ ಯಾರದಾರ?’ ಎಂದಳು.

ಅಂದು ಶಿವಪುತ್ರನ ಫೋನು ಇಡೀ ದಿನ ಬಂದ್ ಇತ್ತು. ನಿನ್ನೆಯೂ. ಎಲ್ಲರೂ ಗಂಡ ಬಂದನೇ ಎಂದು ಕೇಳುತ್ತಾರೆ. ಶೇವಂತಿ ಮಾತ್ರ ಕೇಳುವುದಿಲ್ಲ. ಅವಳ ಗಂಡನೂ ಬಂದಿಲ್ಲ.

ಬರೆಯಲು ಆಗುತ್ತಿಲ್ಲ. ಸಾಕು.

ಜುಲೈ 19, ಶನಿವಾರ

ಇವತ್ತು ಮಧ್ಯಾಹ್ನ ಬಂದ. ಬಾಗಿಲಲ್ಲಿ ಚೀಲ ಹಿಡಿದು ನಿಂತ. ಗಡ್ಡ ಬೆಳೆದಿತ್ತು. ಒಂದೊಂದೇ ಹೆಜ್ಜೆ ಇಡುತ್ತ ಮಂಚದವರೆಗೆ ಬರಲು ಬಹಳ ಹೊತ್ತು ಹಿಡಿಯಿತು. ನಾನು ಏನೂ ಅನ್ನಬಾರದು ಎಂದುಕೊಂಡಿದ್ದೆ.

‘ಕಾಲಿಗೇನಾತ್ರಿ?’

‘ಏನಿಲ್ಲ.’

ಅವ್ವ ಲೋಟ ತೊಳೆಯುತ್ತಿದ್ದವಳು ತಿರುಗಿದಳು. ‘ಹೇಂತಿ ಸಾಯಾಕತ್ತಿದ್ದಳು ಇಲ್ಲಿ. ಎಲ್ಲಿದ್ದಿ ನೀ?’

ಅವನು ನೆಲ ನೋಡಿದ. ‘ಆಪರೇಶನ್ ದಿನಾನ ಮಂಡ್ಯದಿಂದ ಹೊಂಟಿದ್ದೆ. ಬಸ್ ಸ್ಟ್ಯಾಂಡ್ ತನಕ ಬಂದು ವಾಪಸ್ ಹೋದೆ. ಅಂಜಿದೆ. ಫೋನ್ ಬಂದ್ ಮಾಡಿದೆ, ಏನ ಸುದ್ದಿ ಬರತದೋ ಅಂತ. ಮರುದಿನ ಚಾಲು ಮಾಡಾಕೂ ಅಂಜಿಕಿ.’

‘ನೀವು ಬರಬೇಕಾಗಿತ್ತು’ ಎಂದೆ.

‘ಹೌದು.’

ಸಮರ್ಥಿಸಿಕೊಳ್ಳಲಿಲ್ಲ. ಚೀಲದ ಹಿಡಿಕೆ ತಿರುವುತ್ತ, ‘ಡಿಸೆಂಬರದಾಗ ಡಾಕ್ಟರಬಾಯಿ ಹೇಳಿದ್ರು, ಏನ ಆದ್ರೂ ಇದ ಕಡೀದು ಆಗಬೇಕು ಅಂತ. ಈಕಿಗೆ ಮತ್ತ ಕೊಯ್ಯೂದೂ ಅಪಾಯ ಅಂದಿದ್ರು. ಬುಧವಾರ ಫೋನ್ ಚಾಲು ಮಾಡಿ ಮೆಸೇಜು ನೋಡಿದೆ, ಆಮ್ಯಾಲ ಅಲ್ಲೇ ಸರ್ಕಾರಿ ದವಾಖಾನಿಗೆ ಹೋಗಿ ನಾನ ಮಾಡಿಸ್ಕೊಂಡೆ. ಸಣ್ಣ ಕೆಲಸ. ಮೂರ ತಿಂಗಳ ಬಿಟ್ಟು ಒಂದ ತಪಾಸ ಐತಿ, ಆಮ್ಯಾಲ ಆತು’ ಎಂದ.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವ್ವನಿಗೆ ಆಯಿತು. ನಮ್ಮ ಕಡೆ ಗಂಡಸರು ಯಾರೂ ಮಕ್ಕಳಾಗದ ಹಾಗೆ ಮಾಡುವ ಆ ಆಪರೇಶನ್ ಮಾಡಿಸಿಕೊಳ್ಳುವುದಿಲ್ಲ, ಅದರ ಮಾತೂ ಆಡುವುದಿಲ್ಲ. ಅವಳ ಕೈಯ ಲೋಟದಿಂದ ನೀರು ತೊಟ್ಟಿಕ್ಕುತ್ತಿತ್ತು. ಮಗ ತಾಯಿಯ ಮುಖ ನೋಡಿದ. ಆ ಮುಖದಲ್ಲಿ ಏನು ಬರುತ್ತದೋ ಎಂದು ನಾನೂ ನೋಡಿದೆ.

ಅವಳು ತನ್ನ ಸ್ಟೂಲನ್ನು ಕಾಲಿನಿಂದ ಅವನ ಕಡೆ ತಳ್ಳಿದಳು. ‘ಕುಂದ್ರು. ನಿಂತರ ನೋಯತದ.’

ಅವನು ಕೂರಲಿಲ್ಲ. ಬಟ್ಟೆಯಲ್ಲಿ ಸುತ್ತಿದ್ದ ಕೂಸಿನ ಕಡೆ ಬಗ್ಗಿ, ಅರ್ಧಕ್ಕೆ ನಿಂತು, ಸೊಂಟ ಹಿಡಿದುಕೊಂಡ. ‘ಎತ್ತಿಕೊಳ್ಳಲೇನ?’

‘ಮೊದಲ ಕೈ ತೊಳಕೊಂಡ ಬರ್ರಿ’ ಎಂದೆ.

ನಲ್ಲಿ ಇರುವುದು ವಾರ್ಡಿನ ಆ ತುದಿಯಲ್ಲಿ. ಕಾಲು ಅಗಲಿಸಿಕೊಂಡು, ಎರಡೂ ಬದಿಯ ಮಂಚಗಳ ಬಾಣಂತಿಯರು ನೋಡುತ್ತಿರುವಂತೆಯೇ, ಗಂಭೀರವಾಗಿ ನಡೆದು ಹೋದ. ಅವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಹೊಲಿಗೆ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬಂತು, ಶೇವಂತಿಯೂ ಏನೆಂದು ತಿಳಿಯದೆ ನಕ್ಕಳು.

‘ನಗಬ್ಯಾಡ, ಹೊಲಿಗಿ ಬಿಚ್ಚತಾವು’ ಎಂದಳು ಅವ್ವ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಾನೂ ನಗುತ್ತ.